ಜಿರಳೆಯ ಹೊಟ್ಟೆಯೊಳಗಿನ ಕಲ್ಲುಸಕ್ಕರೆ

ಗಬ್ಬದ ಜಿರಳೆಯೊಂದರ ಹೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದರೆ ತೆಳುವಾದ ಚೀಲವೊಂದು ಕಾಣುತ್ತದೆ. ಅದರೊಳಗೆ ಹತ್ತು-ಹನ್ನೆರಡು ಭ್ರೂಣಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ಮಲಗಿರುತ್ತವೆ. ಅವುಗಳಲ್ಲೊಂದನ್ನು ಚಿಮುಟದಲ್ಲಿ ಎತ್ತಿ, ಅದರ ಕರುಳಿಗೆ ಸೂಜಿಮೊನೆ ತಾಕಿಸಿದರೆ ಸಾಕು, ಒಳಗಿನಿಂದ ಮಿಣಮಿಣ ಮಿನುಗುವ ಹರಳುಗಳು ಗಾಜಿನ ಪಟ್ಟಿಯ ಮೇಲೆ ಚೆಲ್ಲಿಕೊಳ್ಳುತ್ತವೆ. ಕಲ್ಲುಸಕ್ಕರೆಯನ್ನು ಕುಟ್ಟಿ ಪುಡಿಮಾಡಿ ಚೆಲ್ಲಿದ ಹಾಗೆ. ಅದು ಸಕ್ಕರೆಯಲ್ಲ, ಕಲ್ಲೂ ಅಲ್ಲ. ತಾಯಿ ಕುಡಿಸಿದ ಹಾಲು ಮರಿಯ ಹೊಟ್ಟೆಯಲ್ಲಿ ಹರಳುಗಟ್ಟಿದೆ.

ಈ ಹರಳಿನೊಳಗಿನ ಪ್ರೋಟೀನಿನ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದ ಕೆಲಸದ ಮುಖ್ಯ ಭಾಗ ನಡೆದದ್ದು ಬೆಂಗಳೂರಿನಲ್ಲಿ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯ ಸಂಚಾರಿ ಬ್ಯಾನರ್ಜಿ, ಎಸ್. ರಾಮಸ್ವಾಮಿ ಮತ್ತು ಅವರ ಜೊತೆಗಾರರು ಅಮೆರಿಕ, ಕೆನಡಾ ಮೊದಲಾದ ದೇಶಗಳ ವಿಜ್ಞಾನಿಗಳೊಡನೆ ಸೇರಿ 2016ರಲ್ಲಿ ಈ ಸಂಶೋಧನೆಯನ್ನು ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಸುತ್ತಿದ್ದು ಮಾತ್ರ ಬೇರೆಯೇ ಸುದ್ದಿ: ಜಿರಳೆ ಹಾಲು ಹಸುವಿನ ಹಾಲಿಗಿಂತ ಮೂರು ಪಟ್ಟು ಪೌಷ್ಟಿಕ, ನಾಳೆಯ ಮಹಾ ಆಹಾರ ಇದೇ, ಇನ್ನು ಕಾಫಿಗೂ ಅದನ್ನೇ ಹಾಕಿಕೊಳ್ಳಬೇಕು ಎಂಬ ಸುದ್ದಿ. 2018ರಲ್ಲಿ ಅದೇ ಸುದ್ದಿ ಮತ್ತೊಮ್ಮೆ ಜೀವ ತಳೆದು ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ ಹರಿದಾಡಿತು. ಈಗಲೂ ಆಗಾಗ ತಲೆ ಎತ್ತುತ್ತಿರುತ್ತದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಗಾದೆ ಹುಟ್ಟಿದ ನಾಡು ಇದು. ಆ ‘ಮೂರು ಪಟ್ಟಿನ’ ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡಬೇಕು.

ಸಂಶೋಧಕರ ಅಂದಾಜಿನಂತೆ ಈ ಜಿರಳೆ ಹಾಲಿನ 100 ಗ್ರಾಂನಲ್ಲಿ ಸುಮಾರು 232 ಕಿಲೊ ಕ್ಯಾಲೊರಿ ಶಕ್ತಿ ಇದೆ. ಹಸುವಿನ ಹಾಲಿನ 100 ಗ್ರಾಂನಲ್ಲಿ ಇರುವುದು 65ರ ಆಸುಪಾಸು. ಮೂರು ಪಟ್ಟಿಗಿಂತ ಹೆಚ್ಚು ಎಂಬ ಮಾತು ಸುಳ್ಳಲ್ಲ. ಆದರೆ ಹಸುವಿನ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಹರಳು ಗಟ್ಟಿ ಪದಾರ್ಥ, ಅದರಲ್ಲಿ ನೀರಿನ ಪಾಲು ಹಾಲಿಗಿಂತ ಬಹಳ ಕಡಿಮೆ. ಗಟ್ಟಿ ಹರಳನ್ನು ನೀರುಹಾಲಿನ ಪಕ್ಕ ಇಟ್ಟು ತೂಗಿದರೆ ತಕ್ಕಡಿ ಎತ್ತ ವಾಲುತ್ತದೆ ಎಂಬುದು ಹಾಲು ಕಾಯಿಸಿ ಖೋವಾ ಮಾಡಿದ ಯಾರಿಗಾದರೂ ಗೊತ್ತು. ಸರಿಯಾದ ಹೋಲಿಕೆ ಬೇಕಿದ್ದರೆ ಹಾಲಿನ ಪುಡಿಯನ್ನು ತೆಗೆದುಕೊಳ್ಳಬೇಕು. ಕೆನೆಭರಿತ ಹಾಲಿನ ಪುಡಿಯ 100 ಗ್ರಾಂನಲ್ಲಿ 500ರ ಹತ್ತಿರ ಕಿಲೊ ಕ್ಯಾಲೊರಿ ಇರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ ಕೊಡುವ 150 ಮಿಲಿಲೀಟರ್ ಹಾಲು ಇಂಥ ಪುಡಿಯಿಂದಲೇ ತಯಾರಾಗುವುದು. ಅಡುಗೆಯವರು ಬೆಳಿಗ್ಗೆ ಬಿಸಿನೀರಿಗೆ ಕದಡುವ ಆ ಪುಡಿ, ತೂಕಕ್ಕೆ ತೂಕ ನೋಡಿದರೆ, ಲೋಕ ಬೆರಗಾದ ಜಿರಳೆ ಹಾಲಿನ ಎರಡು ಪಟ್ಟು ಶಕ್ತಿ ಕೊಡುತ್ತದೆ.

ಇದನ್ನು ಹೇಳಬೇಕಾದದ್ದು ವಿಜ್ಞಾನಿಗಳ ತಪ್ಪು ಹುಡುಕಲಿಕ್ಕಲ್ಲ. ಅವರ ಪ್ರಬಂಧದಲ್ಲಿ ಶಕ್ತಿಯ ಲೆಕ್ಕ ಬರುವುದು ಒಂದು ಅಂದಾಜಾಗಿ, ಹರಳಿನೊಳಗೆ ಎಷ್ಟೊಂದು ಆಹಾರ ಒತ್ತೊತ್ತಾಗಿ ತುಂಬಿದೆ ಎಂದು ತೋರಿಸಲಿಕ್ಕೆ. ಪ್ರಬಂಧದ ತಲೆಬರಹದಲ್ಲಿ ಊಟದ ಮಾತೇ ಇಲ್ಲ. ಅಲ್ಲಿರುವುದು, ಜೀವಿಯ ಒಡಲಲ್ಲೇ ಬೆಳೆದ, ಒಂದೇ ಬಗೆಯದಲ್ಲದ ಪ್ರೋಟೀನುಗಳ, ಸಕ್ಕರೆ ಅಂಟಿದ, ಕೊಬ್ಬು ಹೊತ್ತ ಹರಳಿನ ರಚನೆ ಎಂಬ ವಿವರಣೆ. ಈ ಒಂದೊಂದು ಪದದ ಹಿಂದೆಯೂ ಒಂದೊಂದು ಅಚ್ಚರಿ ಇದೆ. ಆ ಅಚ್ಚರಿಗಳನ್ನೆಲ್ಲ ಬದಿಗೆ ಸರಿಸಿ ‘ಕುಡಿಯಬಹುದೇ?’ ಎಂಬ ಒಂದೇ ಪ್ರಶ್ನೆಗೆ ಜೋತುಬಿದ್ದದ್ದರಿಂದ, ಬೆಂಗಳೂರಿನ ಪ್ರಯೋಗಾಲಯದಿಂದ ಬಂದ ಒಂದು ಅಪರೂಪದ ಕೆಲಸ ಕನ್ನಡದ ಓದುಗರಿಗೆ ತಲುಪಲೇ ಇಲ್ಲ.

ಮೊದಲಿಗೆ ಜಿರಳೆಯ ವಿಚಾರ. ಅಡುಗೆಮನೆಯ ಬಚ್ಚಲು ಕಿಂಡಿಯಿಂದ ರಾತ್ರಿ ಹೊರಬರುವ ಕಂದು ಜಿರಳೆ ಹಾಲು ಕೊಡುವುದಿಲ್ಲ. ಅದು ಮೊಟ್ಟೆಗಳನ್ನು ಒಂದು ಗಟ್ಟಿ ಕೋಶದಲ್ಲಿ ಜೋಡಿಸಿ ಬೀರುವಿನ ಹಿಂದೆಯೋ ಹಳೆ ಪುಸ್ತಕದ ಕಟ್ಟಿನ ಸಂದಿಯಲ್ಲೋ ಅಂಟಿಸಿ ಹೋಗಿಬಿಡುತ್ತದೆ. ಹುಣಿಸೆ ಬೀಜದ ಬಣ್ಣದ ಆ ಪುಟ್ಟ ಡಬ್ಬಿಯನ್ನು ಮನೆ ಗುಡಿಸುವಾಗ ನೋಡದವರಿಲ್ಲ. ಹಾಲುಣಿಸುವ ಜಿರಳೆ ಬೇರೆ. ಹವಾಯಿ ಮತ್ತು ಇತರ ಪೆಸಿಫಿಕ್ ದ್ವೀಪಗಳಲ್ಲಿ ಚೆನ್ನಾಗಿ ಪರಿಚಿತವಾದ ಇದರ ಹೆಸರು ಡಿಪ್ಲಾಪ್ಟೆರಾ ಪಂಕ್ಟೇಟಾ. ಗಟ್ಟಿ ರೆಕ್ಕೆ ಹೊದ್ದು ದುಂಬಿಯ ಹಾಗೆ ಕಾಣುವುದರಿಂದ ದುಂಬಿ ಜಿರಳೆ ಎಂದೂ ಕರೆಯುತ್ತಾರೆ. ಇರುವೆಯಂಥ ಶತ್ರು ಮೇಲೆ ಬಿದ್ದರೆ ಪಕ್ಕೆಯ ಉಸಿರಾಟದ ರಂಧ್ರದಿಂದ ಕ್ವಿನೋನ್ ಎಂಬ ಉರಿಯುವ ರಾಸಾಯನಿಕವನ್ನು ಚಿಮ್ಮಿಸಿ ಓಡಿಸುತ್ತದೆ.

ಮೊಟ್ಟೆಯನ್ನು ಒಡಲಲ್ಲೇ ಇಟ್ಟುಕೊಂಡು ಮರಿ ಮಾಡುವ ಜಿರಳೆಗಳು ಬೇರೆಯೂ ಇವೆ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆಯೊಳಗಿನ ಬಂಡಾರದಿಂದಲೇ ಮರಿಯನ್ನು ಬೆಳೆಸುತ್ತವೆ. ಡಿಪ್ಲಾಪ್ಟೆರಾ ಒಂದು ಹೆಜ್ಜೆ ಮುಂದೆ ಹೋಗಿದೆ. ಇದರ ಮೊಟ್ಟೆಯಲ್ಲಿ ಬಂಡಾರ ಬಹಳ ಕಡಿಮೆ. ಭ್ರೂಣಕ್ಕೆ ಬಾಯಿ ಮೂಡಿದ ಮೇಲೆ ತಾಯಿಯ ಮರಿಚೀಲದ ಒಳಗೋಡೆ ಹಾಲನ್ನು ಸ್ರವಿಸತೊಡಗುತ್ತದೆ, ಭ್ರೂಣ ಅದನ್ನು ಕುಡಿಯತೊಡಗುತ್ತದೆ. ಸುಮಾರು ಎರಡು ತಿಂಗಳ ಗಬ್ಬದ ಅವಧಿಯಲ್ಲಿ ಅದರ ತೂಕ ಹತ್ತಾರು ಪಟ್ಟು ಏರುತ್ತದೆ. ಅಷ್ಟು ತುಂಬಿಕೊಂಡು ಹುಟ್ಟುವುದರಿಂದ ಹೊರಗೆ ಬಂದ ಮೇಲೆ ಮೂರು-ನಾಲ್ಕು ಸಲ ಪೊರೆ ಕಳಚಿದರೆ ಸಾಕು, ಮರಿ ಪ್ರೌಢವಾಗುತ್ತದೆ. ನಮ್ಮ ಮನೆಯ ಕಂದು ಜಿರಳೆಗೆ ಅದೇ ಕೆಲಸಕ್ಕೆ ಹತ್ತಕ್ಕೂ ಹೆಚ್ಚು ಸಲ ಪೊರೆ ಬಿಡಬೇಕು.

ಈ ಜಿರಳೆಯನ್ನು ದಶಕಗಳ ಕಾಲ ಸಾಕಿ, ಅದರ ಒಡಲನ್ನು ಸಹನೆಯಿಂದ ಓದಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬಾರ್ಬರಾ ಸ್ಟೇ. 1970ರ ದಶಕದಲ್ಲೇ ಅವರೂ ಅವರ ಸಹೋದ್ಯೋಗಿಗಳೂ ಹಾಲು ಎಲ್ಲಿಂದ ಬರುತ್ತದೆ, ಅದರಲ್ಲಿ ಏನೇನಿದೆ ಎಂದು ದಾಖಲಿಸಿದ್ದರು. ನೀರು ತೆಗೆದು ಒಣಗಿಸಿ ನೋಡಿದರೆ ನೂರಕ್ಕೆ 45 ಪಾಲು ಪ್ರೋಟೀನ್, 25 ಪಾಲು ಸಕ್ಕರೆ ವರ್ಗದ ಪದಾರ್ಥ, 16ರಿಂದ 22 ಪಾಲು ಕೊಬ್ಬು, 5 ಪಾಲು ಬಿಡಿ ಅಮೈನೊ ಆಮ್ಲ. ಅವರಿಗೆ ಹಾಲೊಂದೇ ಮುಖ್ಯವಾಗಿರಲಿಲ್ಲ. ಟೊರಾಂಟೊದ ಸ್ಟೀಫನ್ ಟೋಬ್ ಅವರೊಡನೆ ಸೇರಿ ಕೀಟಗಳ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಹಾರ್ಮೋನುಗಳ ಬೆನ್ನು ಹತ್ತಿದ್ದರು. ಅಲಾಟೊಸ್ಟ್ಯಾಟಿನ್ ಎಂಬ ನಿಯಂತ್ರಕಗಳು 1989ರಲ್ಲಿ ಮೊದಲು ಗುರುತಿಗೆ ಸಿಕ್ಕಿದ್ದು ಇದೇ ಜಿರಳೆಯಲ್ಲಿ. ರಾಮಸ್ವಾಮಿಯೂ ಮುಂದೆ ಅಯೋವಾದಲ್ಲೇ ಕೆಲಸ ಮಾಡಿದವರು, ಪ್ರೋಟೀನುಗಳ ರಚನೆ ಬಿಡಿಸುವುದು ಅವರ ಕಸುಬು. ಕೀಟ ಬಲ್ಲವರ ಕೈಯಲ್ಲಿದ್ದ ಹರಳು ಹರಳು ಬಲ್ಲವರ ಕಣ್ಣಿಗೆ ಬಿದ್ದದ್ದು ಹೀಗೆ. ಆ ಕೆಲಸ ಅವರ ಜೊತೆಗೆ ಬೆಂಗಳೂರಿಗೂ ಬಂತು.

ಹರಳು ಬಲ್ಲವರಿಗೆ ಇದರಲ್ಲಿ ಕಂಡ ವಿಶೇಷ ಏನು? ಪ್ರೋಟೀನ್ ಅಣುವನ್ನು ಯಾವ ಸಾಮಾನ್ಯ ಸೂಕ್ಷ್ಮದರ್ಶಕದಿಂದಲೂ ಬಿಡಿಬಿಡಿಯಾಗಿ ನೋಡಲಾಗದು. ಅದಕ್ಕೊಂದು ಸುತ್ತುಬಳಸಿನ ದಾರಿ ಇದೆ. ಕೋಟಿಗಟ್ಟಲೆ ಅಣುಗಳು ಒಂದೇ ಶಿಸ್ತಿನಲ್ಲಿ ಸಾಲುಗಟ್ಟಿ ಹರಳಾಗಬೇಕು, ಆ ಹರಳಿನ ಮೂಲಕ ಎಕ್ಸ್‌-ರೇ ಹಾಯಿಸಬೇಕು. ಕಿರಣಗಳು ಚದುರಿ ಬೀಳುವ ಚುಕ್ಕೆಗಳ ವಿನ್ಯಾಸವನ್ನು ಹಿಡಿದು ಲೆಕ್ಕ ಹಾಕಿದರೆ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂಬುದು ತಿಳಿಯುತ್ತದೆ. ಹರಳು ಬೆಳೆಸುವುದೇ ಇಲ್ಲಿ ಕಷ್ಟ. ಪ್ರೋಟೀನನ್ನು ಮತ್ತೆ ಮತ್ತೆ ಶುದ್ಧಿ ಮಾಡಿ, ಉಪ್ಪು, ಉಷ್ಣಾಂಶ, ಆಮ್ಲೀಯತೆ ಎಲ್ಲವನ್ನೂ ಹದಕ್ಕೆ ತಂದು ತಿಂಗಳುಗಟ್ಟಲೆ ಕಾದರೂ ಹರಳು ಗಟ್ಟದೆ ಹೋಗಬಹುದು. ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳ ವರ್ಷಗಳು ಹೀಗೆ ಹನಿ ನೋಡುತ್ತ ಕಳೆದಿವೆ. ಶುದ್ಧತೆ ಇಲ್ಲದಿದ್ದರೆ ಹರಳಿಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠ.

ಜಿರಳೆ ಈ ಪಾಠವನ್ನು ತಿರುವುಹಾಕಿದೆ. ಅದರ ಭ್ರೂಣದ ಕರುಳಿನೊಳಗೆ, ಜೀರ್ಣರಸ, ಅರೆಜೀರ್ಣ ಆಹಾರ ಎಲ್ಲದರ ನಡುವೆ, ಪ್ರೋಟೀನ್ ತನ್ನಷ್ಟಕ್ಕೆ ಹರಳುಗಟ್ಟುತ್ತದೆ. ಅದೂ ಒಂದೇ ಪ್ರೋಟೀನಲ್ಲ. ತಾಯಿಯಲ್ಲಿ ಈ ಹಾಲಿನ ಪ್ರೋಟೀನಿಗೆ ಇಪ್ಪತ್ತಕ್ಕೂ ಹೆಚ್ಚು ಆವೃತ್ತಿಗಳಿವೆ. ಒಂದರಿಂದ ಒಂದಕ್ಕೆ ಅಲ್ಲೊಂದು ಇಲ್ಲೊಂದು ಅಮೈನೊ ಆಮ್ಲ ಬದಲಾಗಿರುತ್ತದೆ. ಸಕ್ಕರೆಯ ಸರಪಳಿಗಳು ಅಂಟಿರುವ ಬಗೆಯೂ ಒಂದೇ ತೆರನಲ್ಲ. ಬೇರೆ ಬೇರೆ ಅಚ್ಚಿನ ಇಟ್ಟಿಗೆಗಳನ್ನು ಕಲಸಿಕೊಂಡು ಗೋಡೆ ಎಬ್ಬಿಸಿದರೆ ಅದು ಡೊಂಕಾಗಬೇಕು. ಇಲ್ಲಿ ಗೋಡೆ ನೂಲು ಹಿಡಿದಷ್ಟು ನೇರವಾಗಿದೆ. ಬೆಂಗಳೂರಿನ ತಂಡಕ್ಕೆ ಸಿಕ್ಕ ರಚನೆಯ ಸ್ಪಷ್ಟತೆ 1.2 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್. ಅಂದರೆ ಪರಮಾಣುಗಳು ಒಂದೊಂದಾಗಿ ಕಾಣುವಷ್ಟು ನಿಚ್ಚಳ. ಪ್ರಯೋಗಾಲಯದ ಶುದ್ಧಾತಿಶುದ್ಧ ಪ್ರೋಟೀನಿನಿಂದಲೂ ಇಷ್ಟು ಸ್ಪಷ್ಟ ಚಿತ್ರ ಸಿಗುವುದು ಅಪರೂಪ.

ಆ ಚಿತ್ರದಲ್ಲಿ ಕಂಡ ಆಕಾರವನ್ನು ಕನ್ನಡದ ಅಜ್ಜಿಯೊಬ್ಬರಿಗೆ ತೋರಿಸಿದ್ದರೆ ಅವರು ಕೂಡಲೇ ಒಂದು ಹೆಸರು ಹೇಳುತ್ತಿದ್ದರು: ಒಳಲೆ. ಎಳೆಗೂಸಿಗೆ ಹಾಲೋ ಹರಳೆಣ್ಣೆಯೋ ಕುಡಿಸಲು ಬಳಸುತ್ತಿದ್ದ ಪುಟ್ಟ ಬಟ್ಟಲು. ಪ್ರೋಟೀನಿನ ಸರಪಳಿ ಎಂಟು ಎಳೆಗಳಾಗಿ ಹಿಂದಕ್ಕೂ ಮುಂದಕ್ಕೂ ಮಡಿಚಿ, ಬಿದಿರಿನ ಬುಟ್ಟಿ ಹೆಣೆದಂತೆ ಸುತ್ತಿಕೊಂಡು ಒಂದು ಗುಂಡಿಯನ್ನು ಮಾಡಿದೆ. ಈ ಮಾದರಿಯ ಪ್ರೋಟೀನುಗಳಿಗೆ ವಿಜ್ಞಾನಿಗಳು ಲಿಪೋಕ್ಯಾಲಿನ್ ಎನ್ನುತ್ತಾರೆ. ಗ್ರೀಕ್ ಮೂಲದ ಈ ಹೆಸರಿನಲ್ಲೂ ಕೊಬ್ಬು ಮತ್ತು ಬಟ್ಟಲು ಎಂಬ ಎರಡು ಅರ್ಥಗಳೇ ಇರುವುದು. ಜಿರಳೆಯ ಒಳಲೆಯ ಗುಂಡಿಯಲ್ಲಿ ಒಂದು ಕೊಬ್ಬಿನ ಆಮ್ಲ ಕೂತಿರುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ, ಇಲ್ಲವೇ ಸೂರ್ಯಕಾಂತಿ ಎಣ್ಣೆಯಲ್ಲಿರುವ ಲಿನೋಲಿಯಿಕ್ ಆಮ್ಲ. ಬಟ್ಟಲಿನ ಹೊರಮೈಗೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುತ್ತವೆ. ಬಟ್ಟಲೇ ಪ್ರೋಟೀನ್, ಅದರಲ್ಲಿ ದೇಹಕ್ಕೆ ಬೇಕಾದ ಅಗತ್ಯ ಅಮೈನೊ ಆಮ್ಲಗಳೆಲ್ಲ ಇವೆ. ಹುರಿಗಡಲೆ ಹಿಟ್ಟು, ಬೆಲ್ಲ, ತುಪ್ಪ ಮೂರನ್ನೂ ಸೇರಿಸಿ ಉಂಡೆ ಕಟ್ಟಿದ ತಂಬಿಟ್ಟಿನ ಹಾಗೆ ಒಂದೊಂದು ಅಣುವೂ ಪೂರ್ತಿ ಊಟ.

ಅದೇ ತಂಡ 2023ರಲ್ಲಿ ಇನ್ನೊಂದು ಸೂಕ್ಷ್ಮವನ್ನೂ ತೋರಿಸಿತು. ಗುಂಡಿಯೊಳಗಿನ ಫೀನೈಲ್‌ಅಲನೀನ್ ಎಂಬ ಅಮೈನೊ ಆಮ್ಲದ ಪಕ್ಕದ ತುಂಡುಗಳು ಬಾಗಿಲಿನ ಹಾಗೆ ಸ್ವಲ್ಪ ತಿರುಗಿ, ಒಳಬರುವ ಕೊಬ್ಬಿನ ಆಕಾರಕ್ಕೆ ತಕ್ಕಂತೆ ಜಾಗ ಮಾಡಿಕೊಡುತ್ತವೆ. ಹಾಗಾಗಿ ಒಂದೇ ಒಳಲೆಯಲ್ಲಿ ಹಲವು ಬಗೆಯ ಕೊಬ್ಬು ಹಿಡಿಸುತ್ತದೆ.

ಈ ಒಳಲೆ ಹಸುವಿನ ಕೆಚ್ಚಲಿನಲ್ಲೂ ಇದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಹಾಲು ಒಡೆದು ಪನೀರ್ ಬೇರೆಯಾದ ಮೇಲೆ ಉಳಿಯುವ ತಿಳಿನೀರಿನ ವರ್ಗದ ಪ್ರೋಟೀನುಗಳಲ್ಲಿ ಮುಖ್ಯವಾದದ್ದು ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್. ಅದೂ ಲಿಪೋಕ್ಯಾಲಿನ್ ಮನೆತನದ್ದೇ. ಮನುಷ್ಯರ ತಾಯಿಹಾಲಿನಲ್ಲಿ ಅದಿಲ್ಲ, ಹಸು-ಎಮ್ಮೆಗಳಲ್ಲಿ ಇದೆ. ಹಸುವಿಗೂ ಜಿರಳೆಗೂ ನಡುವೆ ಐವತ್ತು ಕೋಟಿ ವರ್ಷಕ್ಕೂ ಮಿಕ್ಕಿದ ದೂರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ. ಮರಿಗೆ ಹಾಲು ಕುಡಿಸಬೇಕಾಗಿ ಬಂದಾಗ ಇಬ್ಬರೂ ಮನೆಯ ಹಳೆಯ ಪಾತ್ರೆಗಳಲ್ಲಿ ಹುಡುಕಿ ಒಂದೇ ಬಗೆಯ ಬಟ್ಟಲನ್ನು ಕೈಗೆತ್ತಿಕೊಂಡಿದ್ದಾರೆ. ಜೀವವಿಕಾಸದ ಬಗ್ಗೆ ಶಾಲೆಯಲ್ಲಿ ಪಾಠ ಹೇಳುವ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೂ ಹೆಚ್ಚಿನವರ ಕಿವಿಗೆ ಇದು ಬಿದ್ದಿಲ್ಲ. ಬಿದ್ದದ್ದು ಕ್ಯಾಲೊರಿಯ ಮಾತು ಮಾತ್ರ.

ಹರಳು ಯಾಕೆ ಬೇಕಾಯಿತು ಎಂಬುದೂ ಇಷ್ಟೇ ಸ್ವಾರಸ್ಯದ್ದು. ಭ್ರೂಣದ ಹೊಟ್ಟೆ ಬಹಳ ಪುಟ್ಟದು. ಹಾಲು ಹಾಲಾಗಿಯೇ ಇದ್ದರೆ ನೀರಿಗೇ ಜಾಗ ಹೋಗುತ್ತದೆ. ಹರಳಾದರೆ ಸ್ವಲ್ಪ ಜಾಗದಲ್ಲಿ ಬಹಳ ಆಹಾರ ಹಿಡಿಸುತ್ತದೆ. ಜೊತೆಗೆ ಹರಳು ಒಮ್ಮೆಗೇ ಕರಗುವುದಿಲ್ಲ. ಸುತ್ತಲಿನ ದ್ರವದಲ್ಲಿ ಕರಗಿದ ಪ್ರೋಟೀನ್ ಜೀರ್ಣವಾಗಿ ಕಡಿಮೆಯಾದಂತೆ ಹರಳಿನಿಂದ ಅಷ್ಟೇ ಪ್ರಮಾಣ ಬಿಡಿಸಿಕೊಂಡು ಬರುತ್ತದೆ. ಮರಿ ಎಷ್ಟು ಉಣ್ಣುತ್ತದೋ ಅಷ್ಟೇ ಬಡಿಸುವ ಏರ್ಪಾಡು.

ಇಂಥ ಏರ್ಪಾಡು ಮನುಷ್ಯರ ಒಡಲಲ್ಲೂ ಇದೆ. ಮೇದೋಜೀರಕ ಗ್ರಂಥಿಯ ಜೀವಕೋಶಗಳು ಇನ್ಸುಲಿನ್ನನ್ನು ಸತುವಿನೊಡನೆ ಸೇರಿಸಿ ಪುಟ್ಟ ಹರಳುಗಳಾಗಿ ಕೂಡಿಟ್ಟುಕೊಳ್ಳುತ್ತವೆ, ಬೇಕಾದಾಗ ಬಿಡುತ್ತವೆ. ದಿನಕ್ಕೊಂದೇ ಚುಚ್ಚುಮದ್ದು ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಅನೇಕರಿಗೆ ಸಿಗುವ ಗ್ಲಾರ್ಜಿನ್ ಇನ್ಸುಲಿನ್ ಕೂಡ ಚರ್ಮದಡಿ ಸಣ್ಣ ಕಣಗಳಾಗಿ ಗಟ್ಟಿಯಾಗಿ, ಮೆಲ್ಲಮೆಲ್ಲನೆ ಕರಗುವುದರಿಂದಲೇ ದಿನವಿಡೀ ಕೆಲಸ ಮಾಡುತ್ತದೆ. ಹಾವೇರಿ, ರಾಯಚೂರಿನ ಹತ್ತಿ ಬೆಳೆಗಾರರ ನಾಲಿಗೆಯ ಮೇಲಿರುವ ಬಿ.ಟಿ. ಎಂಬ ಹೆಸರೂ ಹರಳಿನ ಕಥೆಯೇ. ಬಿ.ಟಿ. ಎಂಬ ಬ್ಯಾಕ್ಟೀರಿಯ ತನ್ನೊಳಗೆ ಪ್ರೋಟೀನಿನ ಹರಳು ಬೆಳೆಸುತ್ತದೆ. ಹುಳು ಅದನ್ನು ನುಂಗಿದರೆ ಕರುಳಿನಲ್ಲಿ ಹರಳು ಕರಗಿ ವಿಷವಾಗುತ್ತದೆ. ಆ ಪ್ರೋಟೀನಿಗೆ ಸಂಕೇತವಾಗಿ ಇಟ್ಟ ‘ಕ್ರೈ’ ಎಂಬುದು ಕ್ರಿಸ್ಟಲ್ ಎಂಬುದರ ಮೊಟಕು ರೂಪ. ಒಂದು ಕೀಟದ ಕರುಳಿನಲ್ಲಿ ಕರಗಿದ ಹರಳು ಸಾವು, ಇನ್ನೊಂದರ ಕರುಳಿನಲ್ಲಿ ಕರಗಿದ್ದು ತಾಯಿಹಾಲು. ಔಷಧವನ್ನು ದೇಹದೊಳಗೆ ನಿಧಾನವಾಗಿ ಬಿಡುವ ದಾರಿ ಹುಡುಕುತ್ತಿರುವವರು ಜಿರಳೆಯ ಹರಳಿನ ಕಡೆ ತಿರುಗಿ ನೋಡಬೇಕಾದ ಕಾರಣ ಇದು. ಕೊಬ್ಬಿನಲ್ಲಿ ಕರಗುವ ಔಷಧವನ್ನು ಒಳಲೆಯಲ್ಲಿಟ್ಟು, ಒಳಲೆಗಳನ್ನು ಹರಳಾಗಿ ಪೇರಿಸಿ ಕೊಡುವ ಯೋಚನೆ ರಚನೆ ಗೊತ್ತಿಲ್ಲದೆ ಹುಟ್ಟುವಂಥದ್ದಲ್ಲ.

ಹಾಲುಣಿಸುವ ಕೀಟ ಜಿರಳೆಯೊಂದೇ ಅಲ್ಲ. ಆಫ್ರಿಕದ ಸೆಟ್ಸೆ ನೊಣದ ಹಾಲಿನಲ್ಲಿ ಸಾವಿರಾರು ಜನರ ಅಳಿವು ಉಳಿವಿನ ಮಾತಿದೆ. ರಕ್ತ ಹೀರಿ ಬದುಕುವ ಈ ನೊಣ ಮನುಷ್ಯರಿಗೆ ನಿದ್ರಾರೋಗವನ್ನೂ ದನಗಳಿಗೆ ನಾಗಾನ ಎಂಬ ಸೊರಗು ರೋಗವನ್ನೂ ಹರಡುತ್ತದೆ. ಮಾಮೂಲಿ ನೊಣ ನೂರಾರು ಮೊಟ್ಟೆ ಇಟ್ಟರೆ ಸೆಟ್ಸೆ ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಗರ್ಭದಲ್ಲಿಟ್ಟು ಹಾಲು ಕುಡಿಸಿ ಬೆಳೆಸುತ್ತದೆ. ಹಾಲಿನ ಗ್ರಂಥಿ ಬೇರಿನ ಹಾಗೆ ಕವಲೊಡೆದು ತಾಯಿಯ ಹೊಟ್ಟೆ ತುಂಬ ಹರಡಿರುತ್ತದೆ. ಒಂಬತ್ತು-ಹತ್ತು ದಿನಕ್ಕೆ ಹೊರಬರುವ ಹುಳು ತಾಯಿಯಷ್ಟೇ ತೂಗುತ್ತದೆ. ಬಿದ್ದ ಕೂಡಲೇ ಮಣ್ಣಿನೊಳಗೆ ಹೊಕ್ಕು ಕೋಶವಾಗುತ್ತದೆ. ಇಡೀ ಬದುಕಿನಲ್ಲಿ ಒಂದು ತಾಯಿ ಹಡೆಯುವುದು ಎಂಟು-ಹತ್ತು ಮರಿ. ಅಷ್ಟು ಕಡಿಮೆ ಹಡೆಯುವ ಜೀವಿಗೆ ಒಂದೊಂದು ಮರಿಯೂ ದೊಡ್ಡ ಬಂಡವಾಳ. ಹಾಲು ನಿಂತರೆ ವಂಶ ನಿಂತಂತೆ.

2014ರಲ್ಲಿ ಸೆಟ್ಸೆಯ ಇಡೀ ಜೀನೋಮ್ ಪ್ರಕಟವಾದಾಗ ವಿಜ್ಞಾನಿಗಳು ಅದರಲ್ಲಿ ಹಾಲಿನ ಪ್ರೋಟೀನುಗಳ ಒಂದು ಗುಂಪನ್ನೇ ಗುರುತಿಸಿದರು. ಅವುಗಳಲ್ಲಿ ಒಂದು ಮತ್ತದೇ ಲಿಪೋಕ್ಯಾಲಿನ್. ಹಸು, ಜಿರಳೆ, ನೊಣ, ಮೂರಕ್ಕೂ ಅದೇ ಒಳಲೆ! ಸೆಟ್ಸೆಯ ಹಾಲನ್ನು ಯಾರೂ ಕುಡಿಯಲು ಹೊರಟಿಲ್ಲ. ಅದನ್ನು ತಡೆಯುವುದು ಹೇಗೆ ಎಂಬುದೇ ಅಲ್ಲಿನ ಪ್ರಶ್ನೆ. ನಿದ್ರಾರೋಗದ ಹೊಸ ಪ್ರಕರಣಗಳು 2018ರಿಂದ ವರ್ಷಕ್ಕೆ ಸಾವಿರಕ್ಕಿಂತ ಕೆಳಗಿಳಿದಿವೆ. ಅದಕ್ಕೆ ರೋಗಪತ್ತೆ, ಔಷಧ, ನೊಣ ಹಿಡಿಯುವ ಬಲೆ ಎಲ್ಲ ಕಾರಣ. ದನಗಳಿಗೆ ಮಾತ್ರ ನಾಗಾನ ಇನ್ನೂ ತಪ್ಪಿಲ್ಲ. ತನ್ನ ಮರಿಗೆ ಹಾಲುಣಿಸುವ ನೊಣ ಆಫ್ರಿಕದ ರೈತರ ಹಸುಗಳ ಹಾಲನ್ನು ಬತ್ತಿಸುತ್ತಿದೆ. ಕೀಟದ ಹಾಲಿನ ಪ್ರೋಟೀನನ್ನು ಅಧ್ಯಯನ ಮಾಡಲು ಇದಕ್ಕಿಂತ ಬಲವಾದ ಕಾರಣ ಬೇಕೆ?

ಕೊಡಗು, ಮಲೆನಾಡಿನ ಜೇನು ಕೃಷಿಕರಿಗೆ ಚೆನ್ನಾಗಿ ಗೊತ್ತಿರುವ ರಾಯಲ್ ಜೆಲ್ಲಿಯೂ ಒಂದು ಬಗೆಯಲ್ಲಿ ಕೀಟದ ಹಾಲೇ. ಎಳೆಯ ಕೆಲಸಗಾರ ಜೇನುಗಳು ತಲೆಯೊಳಗಿನ ಗ್ರಂಥಿಗಳಿಂದ ಅದನ್ನು ಸ್ರವಿಸಿ ಮರಿಗಳಿಗೆ ಉಣಿಸುತ್ತವೆ. ರಾಣಿಯಾಗಬೇಕಾದ ಮರಿ ಬೆಳೆಯುವ ಕೋಶ ಗೂಡಿನಿಂದ ಕೆಳಮುಖವಾಗಿ ನೇತಾಡುತ್ತಿರುತ್ತದೆ. ಮರಿ ತಲೆಕೆಳಗಾಗಿ ಬೀಳಬೇಕು, ಬೀಳುವುದಿಲ್ಲ. ಜೆಲ್ಲಿಯ ಮುಖ್ಯ ಪ್ರೋಟೀನು ಇನ್ನೊಂದು ಪುಟ್ಟ ಪ್ರೋಟೀನಿನ ಜೊತೆ ಸೇರಿ, ಆಮ್ಲೀಯ ವಾತಾವರಣದಲ್ಲಿ ಉದ್ದುದ್ದ ಎಳೆಗಳಾಗಿ ಹೆಣೆದುಕೊಂಡು ಜೆಲ್ಲಿಯನ್ನು ಅಂಟಂಟಾಗಿಸುತ್ತದೆ ಎಂದು 2018ರ ಸಂಶೋಧನೆ ತೋರಿಸಿತು. ಹುಳಿ ಕಡಿಮೆ ಮಾಡಿ ನೋಡಿದಾಗ ಜೆಲ್ಲಿ ನೀರಾಗಿ ಮರಿಗಳು ಕೆಳಗೆ ಬಿದ್ದವು. ಊಟವೂ ಅದೇ, ತೊಟ್ಟಿಲೂ ಅದೇ. ಇಲ್ಲಿಯೂ ಪ್ರೋಟೀನಿನ ರಚನೆ ನೋಡುವ ತನಕ ಗುಟ್ಟು ಬಿಚ್ಚಲಿಲ್ಲ.

ಮತ್ತೆ ಜಿರಳೆ ಹಾಲಿನ ಬಟ್ಟಲಿಗೆ ಬರೋಣ. ಅದನ್ನು ಹಸುವಿನ ಹಾಲಿನಂತೆ ಕರೆಯಲಾಗದು. ಹರಳು ಬೇಕೆಂದರೆ ತಾಯಿಯನ್ನೂ ಭ್ರೂಣವನ್ನೂ ಕೊಲ್ಲಬೇಕು. ಒಂದು ತಾಯಿಯ ತೂಕವೇ ಒಂದು ಗ್ರಾಂ ದಾಟುವುದಿಲ್ಲ, ಹರಳುಗಳೋ ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣವು. 2024ರ ಮಳೆಗಾಲದಲ್ಲಿ ಕರ್ನಾಟಕ ಹಾಲು ಮಹಾಮಂಡಳದ ದಿನದ ಸಂಗ್ರಹ 1 ಕೋಟಿ ಲೀಟರ್ ದಾಟಿತು. ಆ ರಾಜ್ಯದ ಮುಂದೆ ಜಿರಳೆಯನ್ನು ಹಸುವಿನ ಎದುರಾಳಿಯಾಗಿ ನಿಲ್ಲಿಸುವುದರಲ್ಲಿ ಅರ್ಥವಿಲ್ಲ. ದಕ್ಷಿಣ ಆಫ್ರಿಕದಲ್ಲಿ 2017ರಲ್ಲಿ ಶುರುವಾದ ಒಂದು ಕಂಪನಿ ಕೀಟದ ಹಾಲಿನ ಐಸ್‌ಕ್ರೀಂ ಮಾಡಿತು ಎಂಬ ಸುದ್ದಿಯನ್ನೂ ಜನ ಇದಕ್ಕೇ ತಳುಕು ಹಾಕಿದರು. ಅದು ಕಪ್ಪು ಸೋಲ್ಜರ್ ನೊಣದ ಮರಿಹುಳುಗಳನ್ನು ಅರೆದು ಮಾಡಿದ್ದು, ಜಿರಳೆಗೂ ಅದಕ್ಕೂ ನಂಟಿಲ್ಲ.

ಬೆಂಗಳೂರಿನ ತಂಡದ ಯೋಚನೆಯೂ ಜಿರಳೆ ಸಾಕುವುದಾಗಿರಲಿಲ್ಲ. ಜೀನನ್ನು ಯೀಸ್ಟ್‌ಗೆ ಸೇರಿಸಿ, ಇಡ್ಲಿ ಹಿಟ್ಟು ಹುದುಗಿಸಿದಂತೆ ತೊಟ್ಟಿಯಲ್ಲಿ ಈ ಪ್ರೋಟೀನನ್ನು ತಯಾರಿಸಬಹುದೇ ಎಂಬುದು ಅವರ ಮುಂದಿದ್ದ ದಾರಿ. ಹಾಗೆ ತಯಾರಾದದ್ದನ್ನೂ ಊಟದ ತಟ್ಟೆಗೆ ತರುವ ಮೊದಲು ಬಹಳ ಪರೀಕ್ಷೆ ಬೇಕು. ಮನೆಯ ಸಣ್ಣ ಜಿರಳೆಯಿಂದ ಅನೇಕರಿಗೆ ಉಬ್ಬಸ ಕೆರಳುತ್ತದೆ, ಅದನ್ನು ಕೆರಳಿಸುವ ಪ್ರೋಟೀನುಗಳಲ್ಲಿ ಒಂದು ಇದೇ ಲಿಪೋಕ್ಯಾಲಿನ್ ಮನೆತನಕ್ಕೆ ಸೇರಿದ್ದು. ಹಸುವಿನ ಹಾಲು ಒಗ್ಗದ ಮಕ್ಕಳಲ್ಲಿ ಕೆಲವರಿಗೆ ಅಲರ್ಜಿ ತರುವ ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್ ಕೂಡ ಅದೇ ಮನೆತನದ್ದು. ರಚನೆ ಗೊತ್ತಿದ್ದರೆ ಈ ಎಚ್ಚರಿಕೆಯೂ ತಾನಾಗಿ ಬರುತ್ತದೆ. ಬರಿ ಕ್ಯಾಲೊರಿ ಎಣಿಸಿದವರಿಗೆ ಇದು ಹೊಳೆಯುವುದಿಲ್ಲ.

ಇದೆಲ್ಲ ಕೇಳಿದ ಮೇಲೂ ‘ಕುಡಿಯಲು ಬಾರದ ಹಾಲಿನ ಮೇಲೆ ಸರ್ಕಾರದ ದುಡ್ಡು ಯಾಕೆ?’ ಎಂದು ಕೇಳುವವರಿದ್ದಾರೆ. ಅವರನ್ನು ಹಗುರವಾಗಿ ನೋಡಬಾರದು. ತೆರಿಗೆ ಕಟ್ಟುವವರಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ಉತ್ತರವೂ ಇದೇ ಊರಿನಲ್ಲಿದೆ. ಡೊರೊಥಿ ಹಾಡ್ಜ್‌ಕಿನ್ ಅವರು ಆಕ್ಸ್‌ಫರ್ಡಿನಲ್ಲಿ 1969ರಲ್ಲಿ ಇನ್ಸುಲಿನ್ನಿನ ರಚನೆ ಬಿಡಿಸಿದಾಗ ಅವರ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಪ್ರೋಟೀನ್ ಹರಳುಗಳ ಅಧ್ಯಯನಕ್ಕೆ ಇಲ್ಲಿ ನೆಲೆ ಕಟ್ಟಿದರು. ಅವರ ಪ್ರಯೋಗಾಲಯ 1994ರಲ್ಲಿ ಕಡಲೆಕಾಯಿ ಬೀಜದ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನೂ, 1996ರಲ್ಲಿ ಹಲಸಿನ ಬೀಜದ ಜ್ಯಾಕಲಿನ್ ರಚನೆಯನ್ನೂ ಬಿಡಿಸಿತು. ಬಸವನಗುಡಿಯ ಪರಿಷೆಯಲ್ಲಿ ಸೇರಿನಲ್ಲಿ ಅಳೆದು ಮಾರುವ ಕಡಲೆಕಾಯಿ, ಮಳೆಗಾಲದಲ್ಲಿ ಬೂದಿಯಲ್ಲಿ ಸುಟ್ಟು ತಿನ್ನುವ ಹಲಸಿನ ಬೀಜ. ಇವುಗಳ ಒಳಗೆ ಏನಿದೆ ಎಂದು ಲೋಕಕ್ಕೆ ತೋರಿಸಿದ್ದು ಈ ಊರಿನವರೇ. ಆಗ ‘ಇದರಿಂದ ಏನು ಬಂತು’ ಎಂದು ಕೂತಿದ್ದರೆ, ಇಪ್ಪತ್ತು ವರ್ಷದ ಮೇಲೆ ಜಿರಳೆಯ ಹರಳನ್ನು ಓದಬಲ್ಲ ಕಣ್ಣು ಮತ್ತು ಕೈ ಇಲ್ಲಿ ತಯಾರಾಗುತ್ತಿರಲಿಲ್ಲ.

ಕನ್ನಡಿಗರಿಗೆ ಹುಳುಹುಪ್ಪಟೆಯ ವಿಜ್ಞಾನ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರನ್ನು ಓದಿ ಬೆಳೆದ ತಲೆಮಾರುಗಳೇ ಇಲ್ಲಿವೆ. ಅಂಥ ಓದುಗರಿಗೆ ಹೇಸಿಗೆಯ ತಲೆಬರಹ ಕೊಟ್ಟು ಕಳಿಸುವುದು ಅವರನ್ನು ಕಡಿಮೆ ಎಣಿಸಿದಂತೆ. ಪತ್ರಿಕೆಗಳು ಮುಂದಿನ ಸಲ ಇಂಥ ಸಂಶೋಧನೆ ಬಂದಾಗ ಪ್ರಯೋಗಾಲಯಕ್ಕೆ ಒಬ್ಬ ವರದಿಗಾರರನ್ನು ಕಳಿಸಿ, ಮೂಲ ಪ್ರಬಂಧದ ತಲೆಬರಹವನ್ನಾದರೂ ಕನ್ನಡದಲ್ಲಿ ಬಿಡಿಸಿ ಹೇಳಿಸಬೇಕು. ಸಂಸ್ಥೆಗಳ ಪಾಲಿಗೂ ಒಂದು ಹೊಣೆ ಇದೆ. ಇಂಗ್ಲಿಷಿನಲ್ಲಿ ಪ್ರಕಟಣೆ ಕಳಿಸಿ ಸುಮ್ಮನಾದರೆ ನಡುವಿನ ಖಾಲಿ ಜಾಗವನ್ನು ವಾಟ್ಸ್‌ಆ್ಯಪ್ ತುಂಬುತ್ತದೆ.

ಅದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಇನ್‌ಸ್ಟೆಮ್ ಇರುವ ಜಿಕೆವಿಕೆ ಆವರಣದಲ್ಲೇ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳ ನಡೆಯುತ್ತದೆ. ಬಿತ್ತನೆ ಬೀಜ, ಟ್ರ್ಯಾಕ್ಟರ್, ಕುರಿ, ಕೋಳಿ ನೋಡಲು ರಾಜ್ಯದ ಮೂಲೆಮೂಲೆಯಿಂದ ರೈತರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಲ್ಲೊಂದು ಮಳಿಗೆಯಲ್ಲಿ ನಾಲ್ಕು ಸೂಕ್ಷ್ಮದರ್ಶಕಗಳನ್ನು ಸಾಲಾಗಿ ಇಡಬಹುದು. ಮೊದಲನೆಯದರ ಕೆಳಗೆ ಉಪ್ಪಿನ ಹರಳು, ಎರಡನೆಯದರಲ್ಲಿ ಇನ್ಸುಲಿನ್ನಿನ ಹರಳು, ಮೂರನೆಯದರಲ್ಲಿ ಹಲಸಿನ ಬೀಜದ ಪ್ರೋಟೀನಿನದು. ಕೊನೆಯದರ ಕೆಳಗೆ ದುಂಬಿ ಜಿರಳೆಯ ಭ್ರೂಣದಿಂದ ತೆಗೆದ ಹಾಲಿನ ಹರಳು. ಪಕ್ಕದಲ್ಲಿ ಎಂಟು ಎಳೆಯ ಒಳಲೆಯ ಮಾದರಿಯೊಂದನ್ನು ಚನ್ನಪಟ್ಟಣದ ಬೊಂಬೆ ಮಾಡುವವರಿಂದ ಮರದಲ್ಲಿ ಮಾಡಿಸಿಟ್ಟು, ಗುಂಡಿಯೊಳಗೆ ಕೊಬ್ಬಿನ ಆಮ್ಲದ ತುಂಡನ್ನು ಕೂರಿಸಿ ತೆಗೆಯುವ ಹಾಗೆ ಮಾಡಿದರೆ, ದೊಡ್ಡಬಳ್ಳಾಪುರದಿಂದ ಬಂದ ಏಳನೆಯ ತರಗತಿಯ ಹುಡುಗಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾಳೆ, ಅವಳ ಹಿಂದೆ ನಿಂತ ಅಜ್ಜಿ ಅದರ ಹೆಸರನ್ನು ತಾನೇ ಹೇಳುತ್ತಾಳೆ.